ಮೂರು ಮತಗಳ ಸೋಲು: ಯಾವ ಕೋರ್ಟಿಗೆ ಹೋಗಬೇಕು, ಎಷ್ಟು ದಿನದೊಳಗೆ?

ಪ್ರಶ್ನೆ: ನಮ್ಮದು ಶಿರಾ ಕಡೆಯ ಹಳ್ಳಿ. ಗ್ರಾಮ ಪಂಚಾಯಿತಿಯ ಒಂದು ಸ್ಥಾನಕ್ಕೆ ಉಪಚುನಾವಣೆ ನಡೆದು ನಮ್ಮ ಚಿಕ್ಕಮ್ಮ 3 ಮತಗಳಿಂದ ಸೋತರು. 11 ಮತಗಳನ್ನು ಕುಲಗೆಟ್ಟವು ಎಂದು ಬದಿಗಿಟ್ಟರು. ಅದರಲ್ಲಿ ಐದಾರು ಚಿಕ್ಕಮ್ಮನ ಗುರುತಿಗೇ ಬಿದ್ದಿದ್ದವು, ಮಡಿಸಿದಾಗ ಮಸಿ ಅಂಟಿ ಎರಡು ಕಡೆ ಗುರುತು ಕಾಣುತ್ತಿತ್ತು ಅಷ್ಟೆ ಎನ್ನುತ್ತಾರೆ ನಮ್ಮ ಏಜೆಂಟ್. ಮರುಎಣಿಕೆ ಮಾಡಿ ಎಂದು ಬಾಯಲ್ಲಿ ಕೇಳಿದೆವು, ಚುನಾವಣಾಧಿಕಾರಿ ಒಪ್ಪಲಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋದ ಇಬ್ಬರು ಹೆಣ್ಣುಮಕ್ಕಳು ಬಂದು ಓಟು ಹಾಕಿದ್ದಾರೆ. ದುಡ್ಡೂ ಹಂಚಿದ್ದಾರೆ. ಊರಿನ ವಕೀಲರೊಬ್ಬರು ಹೈಕೋರ್ಟಿನಲ್ಲಿ ರಿಟ್ (ಅಧಿಕಾರಿಗಳ ಕ್ರಮವನ್ನು ನೇರ ಪ್ರಶ್ನಿಸುವ ಅರ್ಜಿ) ಹಾಕಿ ಸ್ಟೇ ತರೋಣ ಎನ್ನುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು, ಚುನಾವಣೆಗೆ ಕೋರ್ಟು ಕೈ ಹಾಕುವಂತಿಲ್ಲ ಅಂತ ಸಂವಿಧಾನದಲ್ಲೇ ಇದೆ ಎನ್ನುತ್ತಾರೆ. ಗೆದ್ದರೂ ಅಧಿಕಾರದಲ್ಲಿರುವವರು ತಿದ್ದುಪಡಿ ತಂದು ತಪ್ಪಿಸಿಕೊಳ್ಳುತ್ತಾರೆ, ಇಂದಿರಾ ಗಾಂಧಿ ಮಾಡಲಿಲ್ಲವೇ, ಚಿಕ್ಕಮಗಳೂರಿನ ಸೀಟೂ ಕೋರ್ಟಿನಿಂದಲೇ ಹೋಯಿತಲ್ಲವೇ ಎಂದು ಇನ್ನೊಬ್ಬರು. ಫಲಿತಾಂಶ ಬಂದು 12 ದಿನವಾಯಿತು. ಯಾರ ಮಾತು ನಂಬಬೇಕು?

ಉತ್ತರ: ಮೇಷ್ಟ್ರ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂದಿರಾ ಗಾಂಧಿಯವರ ಪ್ರಸ್ತಾಪದಲ್ಲೂ ಅರ್ಧ ಸತ್ಯವಿದೆ. ವಕೀಲರ ಸಲಹೆಯಂತೆ ನಡೆದರೆ ಮಾತ್ರ ಇರುವ ದಾರಿಯೂ ಮುಚ್ಚಿಹೋಗಬಹುದು. ನಿಮಗೆ ಉಳಿದಿರುವುದು 18 ದಿನ. ಅದನ್ನು ಪತ್ರ ಬಂದ ದಿನವೇ ಫೋನಿನಲ್ಲಿ ಹೇಳಿದ್ದೆ. ಕಾರಣಗಳನ್ನು ಈಗ ವಿವರವಾಗಿ ಬರೆಯುತ್ತಿದ್ದೇನೆ.

ಮೇಷ್ಟ್ರು ಹೇಳಿದ್ದು ಸಂವಿಧಾನದ 243-ಓ ವಿಧಿ. ಪಂಚಾಯಿತಿ ಚುನಾವಣೆಯನ್ನು ರಾಜ್ಯದ ಕಾನೂನು ಗೊತ್ತುಮಾಡಿದ ಪ್ರಾಧಿಕಾರದ ಮುಂದೆ, ಅದೇ ಕಾನೂನು ಹೇಳಿದ ರೀತಿಯಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿಯೇ ಪ್ರಶ್ನಿಸಬೇಕು, ಬೇರೆ ದಾರಿಯಿಲ್ಲ ಎನ್ನುತ್ತದೆ ಅದು. ಲೋಕಸಭೆ, ವಿಧಾನಸಭೆಗಳಿಗೆ ಇದೇ ಮಾತನ್ನು 329(ಬಿ) ವಿಧಿ 1950ರಿಂದಲೇ ಹೇಳುತ್ತಾ ಬಂದಿದೆ. ಮೇಷ್ಟ್ರು ‘ಪ್ರಶ್ನಿಸುವಂತಿಲ್ಲ’ ಎಂಬಲ್ಲಿಗೆ ಓದಿ ನಿಲ್ಲಿಸಿದ್ದಾರೆ. ಆ ವಾಕ್ಯದ ಜೀವ ಇರುವುದು ಉಳಿದರ್ಧದಲ್ಲಿ.

ಮೊದಲ ಸಾರ್ವತ್ರಿಕ ಚುನಾವಣೆ ಇನ್ನೂ ಮುಗಿಯದಿದ್ದಾಗಲೇ ಇದು ಕೋರ್ಟಿಗೆ ಬಂತು. ಆಗಿನ ಮದ್ರಾಸ್ ರಾಜ್ಯದ ನಾಮಕ್ಕಲ್ ಕ್ಷೇತ್ರದಲ್ಲಿ ಪೊನ್ನುಸ್ವಾಮಿ ಎಂಬುವರ ನಾಮಪತ್ರ ತಿರಸ್ಕೃತವಾಯಿತು. ಮತದಾನಕ್ಕೆ ಮೊದಲೇ ಸರಿಪಡಿಸಿ ಎಂದು ಅವರು ಹೈಕೋರ್ಟಿಗೆ ಹೋದರು, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದರು. 1952ರ ಜನವರಿಯಲ್ಲಿ ಬಂದ ತೀರ್ಪಿನ ಪ್ರಕಾರ ಚುನಾವಣೆ ಎಂದರೆ ಮತದಾನದ ದಿನವಷ್ಟೇ ಅಲ್ಲ. ಅಧಿಸೂಚನೆಯಿಂದ ಫಲಿತಾಂಶ ಘೋಷಣೆಯವರೆಗಿನ ಇಡೀ ಪ್ರಕ್ರಿಯೆ. ಅದರ ಮಧ್ಯೆ ಒಬ್ಬೊಬ್ಬರೂ ತಡೆಯಾಜ್ಞೆ ತರುತ್ತಾ ಹೋದರೆ ಚುನಾವಣೆ ಮುಗಿಯುವುದೇ ಇಲ್ಲ. ಆದ್ದರಿಂದ ಮೊದಲು ಮುಗಿಯಲಿ, ತಕರಾರು ಆಮೇಲೆ. ನನ್ನ ಮಟ್ಟಿಗೆ ಇದು ಕಠಿಣವಾದರೂ ಸರಿಯಾದ ನಿಯಮ. ನಾಮಪತ್ರ ಅನ್ಯಾಯವಾಗಿ ತಿರಸ್ಕೃತವಾದ ಅಭ್ಯರ್ಥಿಗೆ ಇದನ್ನು ವಿವರಿಸಿ ಹೇಳುವುದು ಮಾತ್ರ ಸುಲಭವಲ್ಲ.

ಆಮೇಲೆ ಎಂದರೆ ಎಲ್ಲಿ? ಸಂಸತ್ತು, ವಿಧಾನಸಭೆಗಳ ತಕರಾರುಗಳನ್ನು ಮೊದಲು ಚುನಾವಣಾ ನ್ಯಾಯಮಂಡಳಿಗಳು ಕೇಳುತ್ತಿದ್ದವು. 1966ರಲ್ಲಿ ಸಂವಿಧಾನದ 19ನೇ ತಿದ್ದುಪಡಿಯೂ ಜನಪ್ರತಿನಿಧಿ ಕಾಯ್ದೆಯ ತಿದ್ದುಪಡಿಯೂ ಬಂದು ಆ ಕೆಲಸ ನೇರ ಹೈಕೋರ್ಟಿಗೆ ಹೋಯಿತು. ಅಲ್ಲಿ ಗಡುವು 45 ದಿನ, ತೀರ್ಪಿನ ಮೇಲೆ 30 ದಿನದೊಳಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ. ನಿಮ್ಮ ವಕೀಲರ ತಲೆಯಲ್ಲಿರುವುದು ಈ ವ್ಯವಸ್ಥೆ ಇರಬಹುದು. ಗ್ರಾಮ ಪಂಚಾಯಿತಿಗೆ ಅದು ಅನ್ವಯಿಸದು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ 15ನೇ ಪ್ರಕರಣದಂತೆ ಅರ್ಜಿ ಹೋಗಬೇಕಾದ್ದು ನಿಮ್ಮ ಪಂಚಾಯಿತಿ ಯಾವ ವ್ಯಾಪ್ತಿಗೆ ಸೇರುತ್ತದೋ ಅಲ್ಲಿನ ಸಿವಿಲ್ ನ್ಯಾಯಾಧೀಶರ ಮುಂದೆ. ಫಲಿತಾಂಶ ಘೋಷಣೆಯಾದ ದಿನದಿಂದ 30 ದಿನದೊಳಗೆ, ಠೇವಣಿ ಸಮೇತ. ಅಭ್ಯರ್ಥಿಯೂ ಹಾಕಬಹುದು, ಆ ಚುನಾವಣೆಯ ಮತದಾರರೂ ಹಾಕಬಹುದು.

ರಿಟ್ ದಾರಿಗೆ ಬೇಡ ಎನ್ನುವುದು ಇದಕ್ಕೇ. ಹೈಕೋರ್ಟಿಗೆ ಅಧಿಕಾರವೇ ಇಲ್ಲ ಎಂದಲ್ಲ. ಕಾನೂನು ಬೇರೆ ಪರಿಹಾರ ಕೊಟ್ಟಿರುವಾಗ, ಅದೂ ಸಂವಿಧಾನವೇ ಆ ದಾರಿಯನ್ನು ಗೊತ್ತುಮಾಡಿರುವಾಗ, ಫಲಿತಾಂಶದ ಮೇಲಿನ ರಿಟ್ ನಿಲ್ಲುವುದು ತೀರಾ ಅಪರೂಪ. ಕಚೇರಿ ಆಕ್ಷೇಪಣೆ ಸರಿಪಡಿಸಿ, ಪಟ್ಟಿಗೆ ಬಂದು, ಎರಡು ಸಲ ಮುಂದಕ್ಕೆ ಹೋಗಿ, ಕೊನೆಗೆ ‘ಕಾನೂನಿನಂತೆ ತಕರಾರು ಅರ್ಜಿ ಸಲ್ಲಿಸಲು ಸ್ವತಂತ್ರರು’ ಎಂಬ ಒಂದು ಸಾಲಿನಲ್ಲಿ ವಿಲೇವಾರಿಯಾದ ರಿಟ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಷ್ಟರಲ್ಲಿ 30 ದಿನ ಕಳೆದಿರುತ್ತದೆ. ಸಾಮಾನ್ಯ ದಾವೆಗಳಲ್ಲಿ ಸಿಗುವ ವಿಳಂಬ ಮನ್ನಾ ಚುನಾವಣಾ ಅರ್ಜಿಗಳಿಗೆ ಸಿಗುವುದಿಲ್ಲ ಎಂದು ಸಂಸತ್ತು, ವಿಧಾನಸಭೆಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಹೇಳಿದೆ. ಪಂಚಾಯಿತಿಗೆ ಬೇರೆ ಉದಾರತೆ ಇದ್ದೀತು ಎಂದು ನಂಬಿ ಕೂರಬೇಡಿ. ಹೈಕೋರ್ಟಿನ ಕೆಲಸ ಮುಂದೆ ಬೀಳಬಹುದು, ಸಿವಿಲ್ ನ್ಯಾಯಾಧೀಶರ ತೀರ್ಪನ್ನು ಪ್ರಶ್ನಿಸಬೇಕಾಗಿ ಬಂದಾಗ.

ಇನ್ನು ತಿದ್ದುಪಡಿಯ ಭಯ. ನಿಮ್ಮ ಪಂಚಾಯಿತಿ ಸೀಟಿಗೆ ಯಾರೂ ಸಂವಿಧಾನ ತಿದ್ದಲು ಹೋಗುವುದಿಲ್ಲ ಎಂದು ನಕ್ಕು ಬಿಡಬಹುದಿತ್ತು. ಆದರೆ 1975ರಲ್ಲಿ ನಡೆದದ್ದನ್ನು ನಮ್ಮಲ್ಲಿ ಬಹಳ ಜನ ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

1971ರ ಲೋಕಸಭಾ ಚುನಾವಣೆಯಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ಒಂದು ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಸೋತ ರಾಜ್ ನಾರಾಯಣ್ ಅಲಹಾಬಾದ್ ಹೈಕೋರ್ಟಿನಲ್ಲಿ ತಕರಾರು ಅರ್ಜಿ ಹಾಕಿದರು. ನಾಲ್ಕು ವರ್ಷ ವಿಚಾರಣೆ ನಡೆಯಿತು. 1975ರ ಜೂನ್ 12ರಂದು ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಆ ಆಯ್ಕೆಯನ್ನು ರದ್ದುಮಾಡಿ ಆರು ವರ್ಷ ಅನರ್ಹತೆ ವಿಧಿಸಿದರು. ಸಾಬೀತಾದದ್ದು ಎರಡು ಅಂಶ. ಸರ್ಕಾರಿ ಹುದ್ದೆಯಲ್ಲಿದ್ದ ಯಶಪಾಲ್ ಕಪೂರ್ ಅವರ ರಾಜೀನಾಮೆ ಜಾರಿಗೆ ಬರುವ ಮೊದಲೇ ಅವರಿಂದ ಚುನಾವಣಾ ಕೆಲಸ ಮಾಡಿಸಿಕೊಂಡದ್ದು ಒಂದು. ಪ್ರಚಾರ ಸಭೆಗಳ ವೇದಿಕೆ, ಧ್ವನಿವರ್ಧಕದ ವಿದ್ಯುತ್ತಿನ ಏರ್ಪಾಟಿಗೆ ರಾಜ್ಯದ ಅಧಿಕಾರಿಗಳ ನೆರವು ಪಡೆದದ್ದು ಇನ್ನೊಂದು. ಒಂದು ಲಕ್ಷದ ಅಂತರ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅಭ್ಯರ್ಥಿಯೇ ಭ್ರಷ್ಟ ಆಚರಣೆ ಎಸಗಿದ್ದು ರುಜುವಾತಾದರೆ ಕಾನೂನು ಮತಗಳ ಅಂತರವನ್ನು ಕೇಳುವುದಿಲ್ಲ.

ಜೂನ್ 24ರಂದು ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಸದನಕ್ಕೆ ಹೋಗಬಹುದು, ಮಾತಾಡಬಹುದು, ಸದಸ್ಯರಾಗಿ ಮತ ಹಾಕುವಂತಿಲ್ಲ. ಮರುದಿನ ತುರ್ತು ಪರಿಸ್ಥಿತಿ ಬಂತು. ಮೇಲ್ಮನವಿಯ ವಿಚಾರಣೆ ಆಗಸ್ಟ್ 11ಕ್ಕೆ ಗೊತ್ತಾಗಿತ್ತು. ಸರಿಯಾಗಿ ಅದಕ್ಕೆ ಮೊದಲಿನ ಕೆಲವೇ ದಿನಗಳಲ್ಲಿ ಎರಡೂ ಸದನಗಳು 39ನೇ ತಿದ್ದುಪಡಿಯನ್ನು ಒಪ್ಪಿದವು, ರಾಜ್ಯಗಳೂ ಅನುಮೋದಿಸಿದವು, ಆಗಸ್ಟ್ 10ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹೊಸದಾಗಿ ಸೇರಿದ 329-ಎ ವಿಧಿಯ 4ನೇ ಖಂಡದ ಸಾರ ಇಷ್ಟು: ಪ್ರಧಾನಿಯ ಆಯ್ಕೆಗೆ ಹಿಂದಿನ ಯಾವ ಚುನಾವಣಾ ಕಾನೂನೂ ಅನ್ವಯಿಸದು, ಆಯ್ಕೆ ಸಿಂಧು, ಹೈಕೋರ್ಟಿನ ತೀರ್ಪು ಅಸಿಂಧು.

ಇದನ್ನು ತಡೆದದ್ದು ಯಾವುದು? ಅದಕ್ಕೆ ಎರಡು ವರ್ಷ ಹಿಂದೆ, 1973ರ ಏಪ್ರಿಲ್ 24ರಂದು, 13 ನ್ಯಾಯಮೂರ್ತಿಗಳ ಪೀಠ 7–6ರಲ್ಲಿ ಕೊಟ್ಟ ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದ ತೀರ್ಪದು. ಅದಕ್ಕೆ ಕಾರಣರಾದವರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಅವರು ಕೋರ್ಟಿಗೆ ಹೋದದ್ದು ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನು ಉಳಿಸಿಕೊಳ್ಳಲು. ಯಕ್ಷಗಾನ, ಸಂಗೀತ ಎಂದರೆ ಪ್ರಾಣ ಬಿಡುತ್ತಿದ್ದ ಗಡಿನಾಡಿನ ಕನ್ನಡದ ಸ್ವಾಮಿಗಳೊಬ್ಬರ ಹೆಸರು ದೇಶದ ಪ್ರತಿ ಕಾನೂನು ವಿದ್ಯಾರ್ಥಿಯ ಬಾಯಲ್ಲಿದೆ. ನಮ್ಮ ಶಾಲೆಯ ಪುಸ್ತಕಗಳು ಇದನ್ನು ಇನ್ನಷ್ಟು ಜೋರಾಗಿ ಹೇಳಬೇಕಿತ್ತು ಅನ್ನಿಸುತ್ತದೆ. ಇನ್ನೊಂದು ಕಾಕತಾಳೀಯ: ಪಂಚಾಯಿತಿಗಳಿಗೆ ಸಂವಿಧಾನದಲ್ಲಿ ಜಾಗ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದೂ ಏಪ್ರಿಲ್ 24ರಂದೇ, 1993ರಲ್ಲಿ. ಮೇಷ್ಟ್ರು ಹೇಳಿದ 243-ಓ ಬಂದದ್ದು ಆ ತಿದ್ದುಪಡಿಯಿಂದ.

1975ರ ನವೆಂಬರ್ 7ರಂದು, ತುರ್ತು ಪರಿಸ್ಥಿತಿಯ ನಡುವೆಯೇ, ಐವರ ಪೀಠ 329-ಎ ವಿಧಿಯ 4ನೇ ಖಂಡವನ್ನು ಹೊಡೆದುಹಾಕಿತು. ನ್ಯಾಯಮೂರ್ತಿಗಳು ಕೊಟ್ಟ ಕಾರಣಗಳು ಒಂದೇ ಅಲ್ಲ. ಖನ್ನಾ ಅವರಿಗೆ ಮುಖ್ಯವಾದದ್ದು ಮುಕ್ತ, ನ್ಯಾಯಸಮ್ಮತ ಚುನಾವಣೆ. ಚಂದ್ರಚೂಡ್ ಅವರಿಗೆ ಸಮಾನತೆ ಮತ್ತು ಕಾನೂನಿನ ಆಳ್ವಿಕೆ. ಮ್ಯಾಥ್ಯೂ ಅವರು ಹೇಳಿದ್ದು ನಮ್ಮ ಚರ್ಚೆಗೆ ಹೆಚ್ಚು ಹತ್ತಿರ: ಇಬ್ಬರ ನಡುವಿನ ಒಂದು ವ್ಯಾಜ್ಯವನ್ನು, ಯಾವ ಕಾನೂನನ್ನೂ ಅನ್ವಯಿಸದೆ, ತಿದ್ದುಪಡಿಯ ಹೆಸರಿನಲ್ಲಿ ಸಂಸತ್ತೇ ತೀರ್ಮಾನಿಸಿಬಿಡುವಂತಿಲ್ಲ. 1978ರ 44ನೇ ತಿದ್ದುಪಡಿ ಆ ಇಡೀ ವಿಧಿಯನ್ನೇ ತೆಗೆದುಹಾಕಿತು.

ಇಷ್ಟಾದರೂ ಆ ಪ್ರಕರಣದಲ್ಲಿ ಕೊನೆಗೆ ಗೆದ್ದವರು ಇಂದಿರಾ ಗಾಂಧಿಯೇ. ಜನ ಮರೆಯುವುದು ಇದನ್ನು. ತಿದ್ದುಪಡಿಯ ಜೊತೆಗೇ ಸಂಸತ್ತು ಜನಪ್ರತಿನಿಧಿ ಕಾಯ್ದೆಯನ್ನೂ ಪೂರ್ವಾನ್ವಯವಾಗಿ, ಅಂದರೆ ಹಿಂದೆ ನಡೆದುಹೋದದ್ದಕ್ಕೂ ಅನ್ವಯಿಸುವಂತೆ ಬದಲಿಸಿತ್ತು. ಯಾರನ್ನು ಯಾವಾಗಿನಿಂದ ಅಭ್ಯರ್ಥಿ ಎನ್ನಬೇಕು, ರಾಜೀನಾಮೆ ಯಾವ ದಿನದಿಂದ ಲೆಕ್ಕ, ಅಧಿಕಾರಿಗಳು ಕರ್ತವ್ಯದ ಭಾಗವಾಗಿ ಮಾಡಿದ ಏರ್ಪಾಟು ಯಾವುದು ಎಂಬ ವ್ಯಾಖ್ಯೆಗಳೆಲ್ಲ ಬದಲಾಗಿದ್ದವು. ಅದನ್ನು ಕೋರ್ಟ್ ಎತ್ತಿಹಿಡಿಯಿತು, ಅದರ ಬಲದಿಂದ ಅವರ ಆಯ್ಕೆ ಉಳಿಯಿತು. ನನ್ನನ್ನು ಕೇಳಿದರೆ, ಭಯಪಡಬೇಕಾದ್ದು ಸಂವಿಧಾನ ತಿದ್ದುಪಡಿಗಿಂತ ಹೆಚ್ಚಾಗಿ ಸದ್ದಿಲ್ಲದೆ ಬದಲಾಗುವ ಇಂಥ ಸಾಮಾನ್ಯ ಕಾನೂನುಗಳ ಬಗ್ಗೆ. ಹಾಗಂತ, ನಿಮ್ಮೂರಿನ ಇಂಥವರ ಆಯ್ಕೆ ಸಿಂಧು ಎಂದು ಯಾವ ಸರ್ಕಾರವೂ ಕಾನೂನು ಬರೆದು ಕೇಸು ಮುಗಿಸಲಾಗದು. ಅಷ್ಟನ್ನು ಆ ತೀರ್ಪು ಉಳಿಸಿಕೊಟ್ಟಿದೆ.

ಚಿಕ್ಕಮಗಳೂರಿನ ಮಾತಂತೂ ಪೂರ್ತಿ ತಪ್ಪು. 1978ರ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಗೆದ್ದ ಇಂದಿರಾ ಗಾಂಧಿಯವರ ಸದಸ್ಯತ್ವವನ್ನು ಅದೇ ಡಿಸೆಂಬರಿನಲ್ಲಿ ಕಳೆದದ್ದು ಲೋಕಸಭೆ, ಹಕ್ಕುಚ್ಯುತಿಯ ಕಾರಣಕ್ಕೆ. ಅಲ್ಲಿ ಚುನಾವಣಾ ತಕರಾರೂ ಇರಲಿಲ್ಲ, ಕೋರ್ಟೂ ಇರಲಿಲ್ಲ.

ಈಗ ನಿಮ್ಮ ಚಿಕ್ಕಮ್ಮನ ಕೇಸಿಗೆ ಬರೋಣ. ನೀವು ಹೇಳಿದ ದೂರುಗಳಿಗೆಲ್ಲ ಒಂದೇ ತೂಕವಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದದ್ದು ಆ 11 ಮತಗಳ ವಿಷಯ. ಎಣಿಕೆಯ ನಿಯಮಗಳ ಹಿಂದಿನ ತತ್ವ ಒಂದೇ: ಮತದಾರರ ಉದ್ದೇಶ ಸ್ಪಷ್ಟವಾಗಿ ತಿಳಿಯುವಂತಿದ್ದರೆ ಗುರುತು ಮಸುಕಾಗಿದೆ, ಅದೇ ಅಭ್ಯರ್ಥಿಗೆ ಎರಡು ಸಲ ಮುದ್ರೆ ಬಿದ್ದಿದೆ ಎಂಬಷ್ಟಕ್ಕೇ ಮತಪತ್ರ ತಿರಸ್ಕರಿಸಬಾರದು. ಮಡಿಸಿದಾಗ ಅಂಟಿದ ಮಸಿಯನ್ನು ಗುರುತಿಸುವುದು ಕಷ್ಟವಲ್ಲ. ಬಾಣಗಳ ಆ ಮುದ್ರೆಯ ಅಚ್ಚು ಕನ್ನಡಿಯಲ್ಲಿ ಕಂಡಂತೆ ತಿರುಗಿ ಬಿದ್ದಿರುತ್ತದೆ, ಬಣ್ಣ ತೆಳುವಾಗಿರುತ್ತದೆ, ಕಾಗದವನ್ನು ಮೊದಲಿನ ಮಡಿಕೆಗೆ ಮಡಿಸಿದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತದೆ. ತಿರಸ್ಕರಿಸಿದ ಮತಪತ್ರದ ಮೇಲೆ ಅಧಿಕಾರಿ ಕಾರಣವನ್ನೂ ನಮೂದಿಸಿರಬೇಕು. ಅಂತರ 3, ವಿವಾದದ ಮತ ಐದಾರು. ಇದು ಫಲಿತಾಂಶವನ್ನೇ ಬದಲಿಸಬಲ್ಲ ದೂರು.

ಆದರೆ ಅಂತರ ಕಡಿಮೆ ಎಂಬ ಒಂದೇ ಕಾರಣಕ್ಕೆ ಕೋರ್ಟು ಮರುಎಣಿಕೆಗೆ ಆದೇಶಿಸುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ಶಾಸಕರು ಆಯ್ಕೆಯಾದದ್ದು ನಿಮಗೆ ನೆನಪಿರಬಹುದು. ಒಂದು ಮತದ ಗೆಲುವೂ ಗೆಲುವೇ. ಮತದ ಗೋಪ್ಯತೆ ಕಾಪಾಡಬೇಕಾದ್ದರಿಂದ ಪೆಟ್ಟಿಗೆಯ ಮುದ್ರೆ ಒಡೆಯಲು ಬಲವಾದ ಕಾರಣ ಬೇಕು. ಯಾವ ಮೇಜಿನಲ್ಲಿ, ಯಾವ ಸುತ್ತಿನಲ್ಲಿ, ಎಷ್ಟು ಮತ, ಯಾವ ಕಾರಣ ಹೇಳಿ ತಿರಸ್ಕರಿಸಿದರು, ಏಜೆಂಟ್ ಆಗ ಏನು ಹೇಳಿದರು ಎಂಬುದೆಲ್ಲ ಅರ್ಜಿಯಲ್ಲೇ ಇರಬೇಕು. ತಮಿಳುನಾಡಿನ ಒಂದು ಪಂಚಾಯಿತಿ ಅಧ್ಯಕ್ಷ ಸ್ಥಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಧಾರವಿಲ್ಲದೆ ಮರುಎಣಿಕೆ ಮಾಡಿಸಿ, ಬಂದ ಲೆಕ್ಕವನ್ನು ತೋರಿಸಿ ‘ನೋಡಿ, ಮರುಎಣಿಕೆ ಬೇಕೇ ಇತ್ತು’ ಎನ್ನುವಂತಿಲ್ಲ ಎಂದಿತು.

ಇಲ್ಲಿ ನಿಮ್ಮ ದೊಡ್ಡ ಕೊರತೆ ಮರುಎಣಿಕೆಯನ್ನು ಬಾಯಲ್ಲಿ ಕೇಳಿದ್ದು. ಒಟ್ಟು ಲೆಕ್ಕ ಓದಿ ಹೇಳಿದ ಮೇಲೆ, ಫಲಿತಾಂಶ ಘೋಷಿಸುವ ಮೊದಲು ಸಿಗುವ ಆ ಕೆಲವು ನಿಮಿಷಗಳಲ್ಲಿ ಒಂದು ಹಾಳೆಯಲ್ಲಿ ಕಾರಣ ಬರೆದು ಕೊಡಬೇಕಿತ್ತು. ಹಾಗೆ ಕೊಟ್ಟರೆ ಅಧಿಕಾರಿಯೂ ತಿರಸ್ಕಾರಕ್ಕೆ ಬರವಣಿಗೆಯಲ್ಲೇ ಕಾರಣ ಕೊಡಬೇಕಾಗುತ್ತಿತ್ತು. ಆ ಹಾಳೆ ಇಲ್ಲ ಎಂದ ಮಾತ್ರಕ್ಕೆ ಕೇಸು ಬಿದ್ದುಹೋಗದು. ‘ಅವತ್ತು ಸುಮ್ಮನಿದ್ದು ಈಗ ಕಥೆ ಕಟ್ಟಿದ್ದಾರೆ’ ಎಂದು ಎದುರು ವಕೀಲರು ಖಂಡಿತ ಹೇಳುತ್ತಾರೆ. ಎಣಿಕೆ ಕೊಠಡಿಯಲ್ಲಿದ್ದ ನಿಮ್ಮ ಏಜೆಂಟ್ ಇವತ್ತೇ ಕೂತು ಕಂಡದ್ದನ್ನಷ್ಟೇ ಬರೆದಿಡಲಿ. ಸಾಕ್ಷಿ ಕಟ್ಟೆಯಲ್ಲಿ ಅವರಿಗೆ ಐದಾ ಆರಾ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಮದುವೆಯಾಗಿ ಹೋದ ಹೆಣ್ಣುಮಕ್ಕಳ ದೂರನ್ನು ಕೈಬಿಡಿ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಓಟು ಹಾಕಿದ್ದಾರೆ. ಹೆಸರು ಇರಬಾರದಿತ್ತು ಎನ್ನುವುದನ್ನು ಪಟ್ಟಿ ತಯಾರಾಗುವಾಗಲೇ ಆಕ್ಷೇಪಿಸಬೇಕಿತ್ತು. ಪಟ್ಟಿ ಅಂತಿಮವಾದ ಮೇಲೆ ಅದರ ಸರಿತಪ್ಪನ್ನು ತಕರಾರು ಅರ್ಜಿಯಲ್ಲಿ ಕೆದಕಲು ಕೋರ್ಟುಗಳು ಬಿಡುವುದಿಲ್ಲ. ಒಬ್ಬರೇ ಎರಡು ಸಲ ಮತ ಹಾಕಿದ್ದರೆ, ಸತ್ತವರ ಹೆಸರಿನಲ್ಲಿ ಯಾರೋ ಹಾಕಿದ್ದರೆ ಅದು ಬೇರೆ ಮಾತು.

ದುಡ್ಡಿನ ವಿಷಯದಲ್ಲಿ ನನ್ನ ಸಲಹೆ ನಿಮಗೆ ರುಚಿಸಲಿಕ್ಕಿಲ್ಲ. ಭ್ರಷ್ಟ ಆಚರಣೆಯ ಆರೋಪವನ್ನು ಹೆಚ್ಚುಕಡಿಮೆ ಕ್ರಿಮಿನಲ್ ಆರೋಪದಷ್ಟೇ ಬಿಗಿಯಾಗಿ ರುಜುವಾತು ಮಾಡಬೇಕು. ಯಾರು, ಯಾರಿಗೆ, ಯಾವ ದಿನ, ಎಲ್ಲಿ, ಎಷ್ಟು ಕೊಟ್ಟರು, ಅದಕ್ಕೆ ಅಭ್ಯರ್ಥಿಯ ಒಪ್ಪಿಗೆ ಇತ್ತೇ ಎನ್ನುವುದೆಲ್ಲ ಬೇಕು. ‘ಊರಿಗೆಲ್ಲ ಗೊತ್ತು’ ಎಂಬುದು ಸಾಕ್ಷ್ಯವಲ್ಲ. ಇಸಿದುಕೊಂಡವರು ಬಂದು ಹೌದು ಎನ್ನುತ್ತಾರಾ? ಎನ್ನುವುದಿಲ್ಲವಾದರೆ ಆ ಪ್ಯಾರಾವನ್ನೇ ಬರೆಯಬೇಡಿ. ಎಣಿಕೆಯ ಗಟ್ಟಿ ದೂರಿಗೆ ಇದನ್ನು ಕಟ್ಟಿದರೆ ವಿಚಾರಣೆ ಉದ್ದವಾಗುತ್ತದೆ, ಸಾಬೀತಾಗದ ಆರೋಪ ಉಳಿದದ್ದರ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಅರ್ಜಿಯಲ್ಲಿ ಏನು ಕೇಳಬೇಕು ಎಂಬುದನ್ನೂ ಯೋಚಿಸಿ. ಗೆದ್ದವರ ಆಯ್ಕೆ ರದ್ದುಮಾಡಿ ಎಂದಷ್ಟೇ ಕೇಳಬಹುದು, ಮತ್ತೆ ಚುನಾವಣೆ ಬರುತ್ತದೆ. ಅಥವಾ ಚಿಕ್ಕಮ್ಮನನ್ನೇ ಆಯ್ಕೆಯಾದವರು ಎಂದು ಘೋಷಿಸಿ ಎಂದೂ ಕೇಳಬಹುದು. ನಿಮ್ಮದು ಮರುಎಣಿಕೆಯ ಕೇಸಾದ್ದರಿಂದ ಎರಡನೆಯದನ್ನೂ ಕೇಳುವುದು ಸಹಜ. ಆಗ ಕಣದಲ್ಲಿದ್ದ ಎಲ್ಲ ಅಭ್ಯರ್ಥಿಗಳನ್ನೂ ಎದುರುದಾರರನ್ನಾಗಿ ಸೇರಿಸಬೇಕು, ಹತ್ತು ಮತ ಬಂದವರನ್ನೂ ಬಿಡದೆ. ಹಾಗೆ ಕೇಳಿದ ಮೇಲೆ ಗೆದ್ದವರು ಸುಮ್ಮನಿರುವುದಿಲ್ಲ, ಚಿಕ್ಕಮ್ಮನಿಗೆ ಬಿದ್ದ ಮತಗಳಲ್ಲೂ ಕುಲಗೆಟ್ಟವಿವೆ ಎಂದು ಎದುರು ತಕರಾರು ತೆಗೆಯುತ್ತಾರೆ. ಆ 11ರಲ್ಲಿ ಅವರಿಗೆ ಸೇರಬೇಕಾದವೂ ಇರಬಹುದು. ಲೆಕ್ಕ ಸಮವಾದರೆ ಚೀಟಿ ಎತ್ತುವುದೇ ಗತಿ.

ಕಾಲದ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸಲಾರೆ. ಹೈಕೋರ್ಟಿನ ಚುನಾವಣಾ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. 2019ರ ಹಾಸನ ಲೋಕಸಭಾ ಫಲಿತಾಂಶವನ್ನು ನಮ್ಮ ಹೈಕೋರ್ಟ್ ರದ್ದುಮಾಡಿದ್ದು 2023ರ ಸೆಪ್ಟೆಂಬರಿನಲ್ಲಿ, ಆ ಲೋಕಸಭೆಯ ಅವಧಿ ಮುಗಿಯುತ್ತಾ ಬಂದಾಗ. ಅದಕ್ಕೂ ಸುಪ್ರೀಂ ಕೋರ್ಟಿನ ತಡೆ ಬಂತು. 2023ರಲ್ಲಿ 248 ಮತಗಳ ಅಂತರದಲ್ಲಿ ತೀರ್ಮಾನವಾದ ಮಾಲೂರು ವಿಧಾನಸಭಾ ಕ್ಷೇತ್ರದ ಮರುಎಣಿಕೆ ತಕರಾರಿಗೆ ಹೈಕೋರ್ಟಿನ ತೀರ್ಪು ಸಿಕ್ಕಿದ್ದು 2025ರ ಸೆಪ್ಟೆಂಬರಿನಲ್ಲಿ, ಆಮೇಲೆ ಅದೂ ಸುಪ್ರೀಂ ಕೋರ್ಟಿಗೆ ಹೋಯಿತು. ತಾಲ್ಲೂಕು ಕೋರ್ಟುಗಳಲ್ಲಿ ಇದಕ್ಕಿಂತ ಬೇಗ ಮುಗಿದ ಅರ್ಜಿಗಳೂ ಇವೆ, ಅವಧಿ ಮುಗಿದ ಮೇಲೆ ಅರ್ಥ ಕಳೆದುಕೊಂಡವೂ ಇವೆ. ನಿಮ್ಮದು ಉಪಚುನಾವಣೆ, ಆ ಸ್ಥಾನದ ಅವಧಿ ಎಷ್ಟು ಉಳಿದಿದೆ ನೋಡಿಕೊಳ್ಳಿ. ಎರಡು ವರ್ಷಕ್ಕಿಂತ ಕಡಿಮೆಯಾದರೆ, ಖರ್ಚು, ಓಡಾಟ, ಊರಿನೊಳಗಿನ ಮನಸ್ತಾಪ ಎಲ್ಲ ಸೇರಿಸಿ, ಅರ್ಜಿ ಹಾಕದೆ ಮುಂದಿನ ಚುನಾವಣೆಗೆ ತಯಾರಾಗುವುದೇ ಮೇಲು ಎಂದು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ. ಜಾಸ್ತಿ ಇದ್ದರೆ ಎಣಿಕೆಯೊಂದನ್ನೇ ಹಿಡಿದು ಅರ್ಜಿ ಹಾಕಿ. ಅಲ್ಲಿಯವರೆಗೆ ಗೆದ್ದವರು ಸದಸ್ಯರಾಗಿಯೇ ಇರುತ್ತಾರೆ, ಅರ್ಜಿ ಹಾಕಿದ ಮಾತ್ರಕ್ಕೆ ಅವರ ಕೈ ಕಟ್ಟುವುದಿಲ್ಲ.

ಹಾಕುವುದೆಂದು ನಿಶ್ಚಯಿಸಿದರೆ, ಫಲಿತಾಂಶ ಘೋಷಣೆಯ ಪತ್ರ ಮತ್ತು ಎಣಿಕೆಯ ತಖ್ತೆಯ ದೃಢೀಕೃತ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ನಾಳೆಯೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಕಲು ಬರುವುದು ತಡವಾದರೂ ಗಡುವು ಕಾಯುವುದಿಲ್ಲ. ಆ ಸ್ವೀಕೃತಿಯನ್ನೇ ಲಗತ್ತಿಸಿ ಹಾಕಿ. ಮತಪತ್ರಗಳನ್ನು ಕಾನೂನಿನ ಅವಧಿ ಮುಗಿದ ಮೇಲೆ ನಾಶಮಾಡುತ್ತಾರೆ, ಆದ್ದರಿಂದ ಅವನ್ನು ಕಾಪಾಡಿಡಲು ಆದೇಶ ಕೋರುವ ಮಧ್ಯಂತರ ಅರ್ಜಿ ಮೊದಲ ದಿನವೇ ಜೊತೆಗಿರಲಿ. ಎದುರುದಾರರು ಎಷ್ಟು ಜನರೋ ಅಷ್ಟು ಪ್ರತಿಗಳು ಬೇಕು, ಪ್ರತಿಯೊಂದರ ಮೇಲೂ ಚಿಕ್ಕಮ್ಮನೇ ‘ನೈಜ ಪ್ರತಿ’ ಎಂದು ಬರೆದು ಸಹಿ ಹಾಕಲಿ. ಮೂವತ್ತನೇ ದಿನ ಭಾನುವಾರ ಬಿದ್ದರೆ ಸೋಮವಾರ ಹಾಕಬಹುದು ಎಂದು ಯಾರಾದರೂ ಹೇಳಿದರೆ ಆ ವಾದಕ್ಕೆ ಆಧಾರವಿದೆ, ಆದರೂ ಅದನ್ನು ನಂಬಿಕೊಳ್ಳಬೇಡಿ. ಹಿಂದಿನ ಬುಧವಾರದೊಳಗೆ ಸಲ್ಲಿಸಿದರೆ, ಕಚೇರಿ ಏನಾದರೂ ಆಕ್ಷೇಪ ಹಾಕಿ ವಾಪಸ್ ಕೊಟ್ಟರೂ ಸರಿಪಡಿಸಿಕೊಡಲು ಗುರುವಾರ, ಶುಕ್ರವಾರ ಇರುತ್ತವೆ.